ಎಚ್‌ಐವಿ ಸಂಶೋಧನೆಗೆ ಬರುವ ಹೊಸಬರು: ರೋಗಿಗಳು ಮತ್ತು ಮನೆಯವರು ತಿಳಿದಿರಬೇಕಾದದ್ದು

ಎಆರ್‌ಟಿ ಕೇಂದ್ರದಲ್ಲಿ ಮಾತ್ರೆಗಾಗಿ ಕಾಯುತ್ತಿರುವಾಗ ಯುವ ವೈದ್ಯರೊಬ್ಬರು ಬಂದು, "ನಾನು ಎಂ.ಡಿ. ಓದುತ್ತಿದ್ದೇನೆ, ನನ್ನ ಪ್ರಬಂಧಕ್ಕಾಗಿ ಕೆಲವು ಪ್ರಶ್ನೆ ಕೇಳಬಹುದೇ?" ಎನ್ನಬಹುದು. ವಿದ್ಯಾರ್ಥಿಗಳು ನಮ್ಮ ಮೇಲೆ ಪ್ರಯೋಗ ಮಾಡಿ ಕಲಿಯುತ್ತಾರೇನೋ ಎಂಬ ಅಳುಕು ನಿಮಗೆ ಬರುವುದು ಸಹಜ. ಆದರೆ ಭಾರತದಲ್ಲಿ ಎಚ್‌ಐವಿ ಇದೆ ಎಂಬುದನ್ನು ಮೊದಲು ಕಂಡುಹಿಡಿದದ್ದು ಇಂಥದೇ ಒಂದು ವಿದ್ಯಾರ್ಥಿ ಪ್ರಬಂಧ.

ವಿದ್ಯಾರ್ಥಿನಿ ಮತ್ತು ಗುರು

1985ರ ಕೊನೆಯಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಓದುತ್ತಿದ್ದ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಈ ವಿಷಯ ಸೂಚಿಸಿದವರು ಪ್ರಾಧ್ಯಾಪಕಿ ಡಾ. ಸುನೀತಿ ಸಾಲೊಮನ್. ಏಡ್ಸ್ ಹೊರದೇಶದವರ ಕಾಯಿಲೆ ಎಂದು ಇಲ್ಲಿ ಬಹಳ ಮಂದಿ ನಂಬಿದ್ದ ಕಾಲ ಅದು. ನಿರ್ಮಲಾ ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರನ್ನು ಇರಿಸಿದ್ದ ಗೃಹಕ್ಕೆ ಹೋಗಿ ರಕ್ತದ ಮಾದರಿ ಸಂಗ್ರಹಿಸಿದರು. ಸರಿಯಾದ ಸೌಲಭ್ಯವಿಲ್ಲದೆ ಮಾದರಿಗಳನ್ನು ಮನೆಯ ಫ್ರಿಜ್‌ನಲ್ಲಿಟ್ಟರು. 1986ರ ಫೆಬ್ರವರಿಯಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಪರೀಕ್ಷಿಸಿದಾಗ ಆರು ಮಾದರಿಗಳಲ್ಲಿ ಸೋಂಕು ಕಂಡಿತು. ಅಮೆರಿಕದಲ್ಲಿ ನಡೆದ ಮರುಪರೀಕ್ಷೆಯಲ್ಲೂ ಅದು ಖಚಿತವಾಯಿತು.

ವಿದ್ಯಾರ್ಥಿನಿಯ ಶ್ರಮದಷ್ಟೇ ಗುರುವಿನ ಪಾತ್ರವೂ ಇಲ್ಲಿ ದೊಡ್ಡದು. ಯಾರೂ ಕೇಳದ ಪ್ರಶ್ನೆಯನ್ನು ಕೇಳಲು ಹೇಳಿಕೊಟ್ಟು, ಜೊತೆಗೆ ನಿಂತವರು ಸಾಲೊಮನ್. ಮುಂದೆ 1993ರಲ್ಲಿ ಅವರು ಚೆನ್ನೈನಲ್ಲಿ ಎಚ್‌ಐವಿ ಆರೈಕೆ ಮತ್ತು ಸಂಶೋಧನೆಗಾಗಿ ವೈಆರ್‌ಜಿ ಕೇರ್ ಸಂಸ್ಥೆ ಕಟ್ಟಿದರು.

ಈ ಕಥೆಗೆ ಇನ್ನೊಂದು ಮಗ್ಗುಲಿದೆ. ರಕ್ತ ಕೊಟ್ಟ ಆ ಮಹಿಳೆಯರಿಗೆ ಯಾವ ಪರೀಕ್ಷೆ ಎಂಬುದನ್ನೇ ಹೇಳಿರಲಿಲ್ಲ. ಇದನ್ನು ನಿರ್ಮಲಾ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಇಂದು ಹಾಗೆ ಮಾಡುವಂತಿಲ್ಲ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ತಿಳಿಸಿ ಪಡೆದ ಒಪ್ಪಿಗೆ ಇಲ್ಲದೆ ಎಚ್‌ಐವಿ ಸೋಂಕಿತರನ್ನು ಸಂಶೋಧನೆಗೆ ಒಳಪಡಿಸುವಂತಿಲ್ಲ.

ನೀವು ಏನು ಕೇಳಬಹುದು?

ಮೊದಲು, "ನಿಮ್ಮ ಗೈಡ್ ಯಾರು?" ಎಂದು ಕೇಳಿ. ಇದು ಅನುಮಾನದ ಮಾತಲ್ಲ, ನಿಮ್ಮ ಹಕ್ಕು. ಒಳ್ಳೆಯ ಮಾರ್ಗದರ್ಶಕರಿರುವ ವಿದ್ಯಾರ್ಥಿ ಈ ಪ್ರಶ್ನೆಗೆ ತಡವರಿಸುವುದಿಲ್ಲ. ಎಥಿಕ್ಸ್ ಕಮಿಟಿಯ ಅನುಮತಿ ಸಿಕ್ಕಿದೆಯೇ, ನಿಮ್ಮ ಹೆಸರು ಎಲ್ಲಿ ದಾಖಲಾಗುತ್ತದೆ, ಫಲಿತಾಂಶ ನಿಮಗೂ ತಿಳಿಯುತ್ತದೆಯೇ ಎಂಬುದನ್ನೂ ಕೇಳಿ.

ಮಾಹಿತಿ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನಾಗಪುರದ ಕಡೆ ಕನ್ಹಾನ್‌ನಲ್ಲಿ ನೆಲೆಸಿರುವ ಕನ್ನಡಿಗರ ಕೈಗೆ ಮರಾಠಿ ಅಥವಾ ಹಿಂದಿಯ ಪತ್ರ ಬರಬಹುದು. ಓದಲು ಬಾರದಿದ್ದರೆ ಸಹಿ ಹಾಕಬೇಡಿ, ಕನ್ನಡದಲ್ಲಿ ವಿವರಿಸುವವರನ್ನು ಕರೆಸಲು ಹೇಳಿ. ಸರಳವಾಗಿ ವಿವರಿಸುವುದನ್ನು ಹೊಸ ಸಂಶೋಧಕರು ಕಲಿಯುವುದು ಇಂಥ ಒತ್ತಾಯದಿಂದಲೇ.

ಒಲ್ಲೆ ಎಂದರೂ, ನಡುವೆ ಬಿಟ್ಟರೂ ನಿಮಗೆ ಸಿಗಬೇಕಾದ ಉಚಿತ ಎಆರ್‌ಟಿ ನಿಲ್ಲಬಾರದು. ಯಾವ ಅಧ್ಯಯನಕ್ಕೆ ಸೇರಿದರೂ ನಿಮ್ಮ ವೈದ್ಯರನ್ನು ಕೇಳದೆ ಮಾತ್ರೆ ಬಿಡಬೇಡಿ.

ಒಪ್ಪಿದರೆ ನಿಜ ಹೇಳಿ

ಮಾತ್ರೆ ತಪ್ಪಿದ ದಿನಗಳನ್ನು ಮುಚ್ಚಿಡಬೇಡಿ. ಎದುರಿಗಿರುವ ಹುಡುಗ ಅಥವಾ ಹುಡುಗಿಗೆ ಬೇಸರವಾಗಬಾರದೆಂದು "ಎಲ್ಲ ಸರಿಯಾಗಿದೆ" ಎನ್ನುವವರು ಬಹಳ. ಆದರೆ ಹಾಗೆ ಸಿಕ್ಕ ಉತ್ತರದಿಂದ ಯಾರಿಗೂ ಪ್ರಯೋಜನವಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರ ಮುಂದಾಳತ್ವದಲ್ಲಿ ದಕ್ಷಿಣ ಭಾರತದಲ್ಲಿ ನಡೆದ ಒಂದು ಅಧ್ಯಯನ ನೋಡಿ. ಮಾತ್ರೆ ನೆನಪಿಸಲು ವಾರಕ್ಕೊಮ್ಮೆ ಮೊಬೈಲ್ ಕರೆ ಮಾಡಿದರೆ ಚಿಕಿತ್ಸೆ ಇನ್ನೂ ಫಲಿಸುತ್ತದೆಯೇ ಎಂದು 631 ಮಂದಿಯಲ್ಲಿ ಪರೀಕ್ಷಿಸಿದರು. ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅದನ್ನೂ 2014ರಲ್ಲಿ ಹಾಗೆಯೇ ಪ್ರಕಟಿಸಿದರು. ಬಯಸಿದ ಉತ್ತರ ಬಾರದಿದ್ದರೂ ಬಂದದ್ದನ್ನೇ ಬರೆಯಬೇಕು ಎಂಬುದು ಗುರುಗಳು ಕಲಿಸಬೇಕಾದ ಪಾಠಗಳಲ್ಲಿ ಕಷ್ಟದ್ದು.

ಕಲಿಸುವವರು ಪ್ರಾಧ್ಯಾಪಕರೇ ಆಗಬೇಕೆಂದಿಲ್ಲ. ಮೈಸೂರಿನಲ್ಲಿ ಲೈಂಗಿಕ ವೃತ್ತಿಯಲ್ಲಿರುವವರೇ ನಡೆಸುವ ಅಶೋದಯ ಸಮಿತಿ ಸಂಶೋಧನೆಗಳಲ್ಲಿ ಪಾಲುದಾರನಾಗಿದೆ. ಸೋಂಕು ತಗಲುವ ಮುನ್ನವೇ ಸೇವಿಸುವ ಪ್ರೆಪ್ ಮಾತ್ರೆಯ ಅಧ್ಯಯನವೂ ಅಲ್ಲಿ ಆ ಸಮಿತಿಯ ಮೂಲಕವೇ ನಡೆಯಿತು. ಯಾವ ಪ್ರಶ್ನೆ ನೋಯಿಸುತ್ತದೆ, ಯಾವ ಹೊತ್ತಿನಲ್ಲಿ ಮನೆಗೆ ಫೋನ್ ಮಾಡಬಾರದು ಎಂಬುದು ಪುಸ್ತಕದಲ್ಲಿ ಸಿಗುವುದಿಲ್ಲ. ನೀವೇ ಹೇಳಬೇಕು.

ಆರೈಕೆ ಮಾಡುವವರಿಗೆ ಒಂದು ಮಾತು: ರೋಗಿಯ ಪರವಾಗಿ ನೀವು ಉತ್ತರಿಸಬೇಡಿ, ಅವರಿಗೆ ಸಂಶೋಧಕರೊಡನೆ ಒಂಟಿಯಾಗಿ ಮಾತನಾಡಲು ಜಾಗ ಬಿಟ್ಟುಕೊಡಿ. ಏನಾದರೂ ಸರಿಯಿಲ್ಲ ಎನಿಸಿದರೆ ಮಾಹಿತಿ ಪತ್ರದಲ್ಲಿರುವ ಎಥಿಕ್ಸ್ ಕಮಿಟಿಯ ಸಂಖ್ಯೆಗೆ ಕರೆ ಮಾಡಿ. ಎಚ್‌ಐವಿ ಬಗ್ಗೆ ಬೇರೆ ಸಂದೇಹಗಳಿದ್ದರೆ ರಾಷ್ಟ್ರೀಯ ಉಚಿತ ಸಹಾಯವಾಣಿ 1097 ಇದೆ.