ಹಂಪಮ್ಮ ಎಂಬ ಹೆಸರು

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಸೀಮೆಯಲ್ಲಿ ಹೆಸರು ಕೇಳಿದೊಡನೆ ಊರನ್ನು ಊಹಿಸಬಹುದಾದ ಕಾಲವೊಂದಿತ್ತು. ಹಂಪಮ್ಮ, ಹಂಪಣ್ಣ, ಹಂಪಯ್ಯ, ಪಂಪಾಪತಿ: ಇವು ತುಂಗಭದ್ರೆಯ ನೀರು ಕುಡಿದು ಬೆಳೆದ ಹೆಸರುಗಳು. ಪಂಪಾ ಎಂಬುದು ಆ ಹೊಳೆಯದೇ ಹಳೆಯ ಹೆಸರು.

ಪಂಪೆ ಹಂಪೆಯಾದ ಬಗೆಯನ್ನು ವ್ಯಾಕರಣ ಬಲ್ಲವರು ಸುಲಭವಾಗಿ ಹೇಳಿಯಾರು. ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ಪದಾದಿಯ ಪಕಾರವು ಹಕಾರವಾಗತೊಡಗಿತು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಆದರೆ ಒಂದು ಮಾತನ್ನು ಗಮನಿಸಬೇಕು. ಸಂಸ್ಕೃತದಿಂದ ಬಂದ ಪುಣ್ಯ, ಪಾಪ, ಪೂಜೆಗಳು ಈ ಬದಲಾವಣೆಗೆ ಒಳಗಾಗಲಿಲ್ಲ; ಪರ್ವವು ಹಬ್ಬವಾದಂತೆ, ಜನರ ಬಾಯಲ್ಲಿ ಪೂರಾ ಸವೆದವು ಮಾತ್ರ ಬದಲಾದವು. ಪಂಪೆಯೂ ಹಾಲು ಹುಲಿಗಳ ಸಾಲಿಗೇ ಸೇರಿದಳು. ಅವಳು ಪುರಾಣಕ್ಕಿಂತ ಹೆಚ್ಚಾಗಿ ಅಡಿಗೆಮನೆಯಲ್ಲಿ, ಹೊಲದಲ್ಲಿ ಕೂಗಿ ಕರೆಸಿಕೊಂಡವಳು ಎಂದು ನಾನು ತಿಳಿಯುತ್ತೇನೆ.

ಸ್ಥಳಪುರಾಣದಲ್ಲಿ ಪಂಪೆ ಬ್ರಹ್ಮನ ಮಗಳು. ತಪಸ್ಸು ಮಾಡಿ ಶಿವನನ್ನು ವರಿಸಿದವಳು. ಇಂದಿಗೂ ಹಂಪೆಯಲ್ಲಿ ಮಾರ್ಗಶಿರದ ಫಲಪೂಜೆಯೆಂದರೆ ಅವರ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣ. ನಮ್ಮ ಮನೆಗಳಲ್ಲಿ ಹೆಂಡತಿಯನ್ನು ಗಂಡನ ಹೆಸರಿನಿಂದ ಗುರುತಿಸುವುದು ವಾಡಿಕೆ. ಇಲ್ಲಿಯಾದರೋ ವಿರೂಪಾಕ್ಷನಂಥ ವಿರೂಪಾಕ್ಷನೇ ‘ಪಂಪೆಯ ಗಂಡ’, ಪಂಪಾಪತಿ! ಮೊದಲು ಈ ನೆಲದಲ್ಲಿದ್ದವಳು ಪಂಪೆಯೇ, ಶಿವನು ಆಮೇಲೆ ಬಂದ ಅಳಿಯ ಎಂಬ ವಿದ್ವಾಂಸರ ಊಹೆಗೆ ಈ ಹೆಸರೂ ಸಾಕ್ಷಿಯಾಗಬಲ್ಲದು. ಮುಂದೆ ಆ ಅಳಿಯನ ವೈಭವ ಎಷ್ಟು ಬೆಳೆಯಿತೆಂದರೆ, ವಿಜಯನಗರದ ಅರಸರು ಸಂಸ್ಕೃತ ಶಾಸನಗಳ ಕೊನೆಯಲ್ಲಿಯೂ ಕನ್ನಡ ಲಿಪಿಯಲ್ಲಿ ‘ಶ್ರೀ ವಿರೂಪಾಕ್ಷ’ ಎಂದೇ ಅಂಕಿತ ಹಾಕಿದರು. ಕವಿ ಹರಿಹರನು ಮಾತ್ರ ತನ್ನ ಶತಕಕ್ಕೆ ಪಂಪೆಯ ಹೆಸರನ್ನಿಟ್ಟ.

ಹೆಸರುಗಳ ಭಾಗ್ಯವೂ ವಿಚಿತ್ರ. ಪಂಪಾಪತಿ ಎಂಬುದು ಸಂಸ್ಕೃತದ ಉಡುಪು ತೊಟ್ಟಿದೆ. ದಾವಣಗೆರೆಯ ಕಾರ್ಮಿಕ ನಾಯಕರೊಬ್ಬರು ಅದನ್ನು ವಿಧಾನಸಭೆಯವರೆಗೂ ಒಯ್ದರು. ಹಂಪಮ್ಮನಿಗೆ ಆ ಉಡುಪಿಲ್ಲ. ನಾನು ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ ಹಾಜರಿ ಪುಸ್ತಕದಲ್ಲಿ ಒಬ್ಬಿಬ್ಬರಾದರೂ ಹಂಪಮ್ಮಂದಿರು ಇರುತ್ತಿದ್ದರು; ನಿವೃತ್ತನಾಗುವ ಹೊತ್ತಿಗೆ ಆ ಹೆಸರು ವಿದ್ಯಾರ್ಥಿನಿಯರ ಅಜ್ಜಿಯರದಾಗಿತ್ತು. ಕಂಪ್ಲಿಯ ಕಡೆಯ ಹುಡುಗಿಯೊಬ್ಬಳು ಹೆಸರು ಬದಲಿಸಿಕೊಳ್ಳಲು ಅರ್ಜಿ ಹಿಡಿದು ಬಂದಿದ್ದಳು, ಗೆಳತಿಯರು ನಗುತ್ತಾರಂತೆ. ಅವಳಿಗೆ ಈ ಕಥೆಯನ್ನೆಲ್ಲ ಹೇಳಿದೆ. ಶ್ರದ್ಧೆಯಿಂದ ಕೇಳಿದಳು. ‘ಚೆನ್ನಾಗಿದೆ ಸರ್, ಆದರೆ ಇದನ್ನೆಲ್ಲ ಎಲ್ಲರಿಗೂ ಹೇಳುತ್ತಾ ಕೂಡಲಿಕ್ಕಾಗುತ್ತದೆಯೇ?’ ಎಂದಳು. ನಾನು ಅರ್ಜಿಗೆ ಸಹಿ ಹಾಕಿದೆ.