ಆನ್ ದ ಸ್ಪರ್ ಆಫ್ ದ ಮೊಮೆಂಟ್

ಆನ್ ದ ಸ್ಪರ್ ಆಫ್ ದ ಮೊಮೆಂಟ್ ಎಂಬುದು ಮೊದಲೇ ಯೋಜಿಸದೆ, ಆ ಗಳಿಗೆಯ ಪ್ರೇರಣೆಯಿಂದ ಕೆಲಸಕ್ಕಿಳಿಯುವುದನ್ನು ಹೇಳುವ ಇಂಗ್ಲಿಷ್ ನುಡಿಗಟ್ಟು. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ನಿಂತ ನಿಲುವಿನಲ್ಲಿ’.

ವ್ಯುತ್ಪತ್ತಿ

ಸ್ಪರ್ ಎಂದರೆ ಕುದುರೆ ಸವಾರನ ಹಿಮ್ಮಡಿಗೆ ಕಟ್ಟುವ ಲೋಹದ ಮುಳ್ಳು. ಅದು ಪಕ್ಕೆಗೆ ತಾಗಿದೊಡನೆ ಕುದುರೆ ಮುನ್ನುಗ್ಗುತ್ತದೆ. ಇದರಿಂದ ಆ ಪದಕ್ಕೆ ಪ್ರಚೋದನೆ ಎಂಬ ಅರ್ಥವೂ ಬಂತು. ಮೊಮೆಂಟ್ ಎಂಬುದರ ಮೂಲ ಚಲನೆಯನ್ನು ಸೂಚಿಸುವ ಲ್ಯಾಟಿನ್ ಪದ ಮೊಮೆಂಟುಮ್. ಗಳಿಗೆಯೇ ಮುಳ್ಳಾಗಿ ಮನುಷ್ಯನನ್ನು ಚುಚ್ಚಿ ಎಬ್ಬಿಸುತ್ತದೆ ಎಂಬುದು ಈ ನುಡಿಗಟ್ಟಿನ ಒಳಚಿತ್ರ.

ಪ್ರಯೋಗ

‘ವಿ ವೆಂಟ್ ಟು ಅಲ್ ಐನ್ ಆನ್ ದ ಸ್ಪರ್ ಆಫ್ ದ ಮೊಮೆಂಟ್’ ಎಂದರೆ ‘ನಿಂತ ನಿಲುವಿನಲ್ಲೇ ಅಲ್ ಐನ್ ನಗರಕ್ಕೆ ಹೊರಟೆವು’ ಎಂದರ್ಥ. ನಾಮಪದಕ್ಕೆ ಮುಂಚೆ ವಿಶೇಷಣವಾಗಿ ಬಂದಾಗ ಮೊದಲಿನ ‘ಆನ್ ದ’ ಬಿಟ್ಟುಹೋಗುತ್ತದೆ: ‘ಸ್ಪರ್-ಆಫ್-ದ-ಮೊಮೆಂಟ್ ಡಿಸಿಷನ್’. ‘ಆನ್’ ಬದಲು ‘ಇನ್’ ಬಳಸುವುದು ಮತ್ತು ‘ಮೊಮೆಂಟ್ಸ್’ ಎಂದು ಬಹುವಚನ ಮಾಡುವುದು ತಪ್ಪು.

ಮುಸಫ್ಫಾದ ಕಲಿಕೆಯಲ್ಲಿ

ಇಂಥ ನುಡಿಗಟ್ಟು ಕೆಲಸದ ನಡುವೆ ಕಿವಿಗೆ ಬೀಳುವ ಒಂದು ಜಾಗ ಮುಸಫ್ಫಾ; ಅದು ಅಬುಧಾಬಿ ದ್ವೀಪದಿಂದ ಸೇತುವೆ ದಾಟಿದರೆ ಸಿಗುವ ಕೈಗಾರಿಕಾ ಪ್ರದೇಶ. ಎಂ ಅಕ್ಷರ ಮತ್ತು ಸಂಖ್ಯೆಯಿಂದ ಗುರುತಿಸುವ ಅದರ ವಲಯಗಳಲ್ಲಿ ಗ್ಯಾರೇಜು, ವರ್ಕ್‌ಶಾಪುಗಳು ಸಾಲುಗಟ್ಟಿವೆ. ಹಿಂದಿ, ಮಲಯಾಳಂ, ಉರ್ದು, ಅರಬ್ಬಿ ಬೆರೆತ ಇಂಥ ಜಾಗದಲ್ಲಿ ಇಂಗ್ಲಿಷ್ ಕಿವಿಯಿಂದಲೇ ಬರುತ್ತದೆ. ಲೇತ್ ಮುಂದೆ ನಿಲ್ಲುವ ಕನ್ನಡಿಗನಿಗೆ ‘ಸ್ಪರ್’ ಎಂದರೆ ಸ್ಪರ್ ಗೇರ್, ‘ಮೊಮೆಂಟ್’ ಎಂದರೆ ತಿರುಗಿಸುವ ಬಲ. ಈ ಪರಿಚಯ ಅವನಿಗೆ ಅಡ್ಡಿಯಲ್ಲ, ಏಣಿ. ಗೇರಿನ ಸುತ್ತಲಿನ ಹಲ್ಲುಗಳು ಸವಾರನ ಸ್ಪರ್‌ನ ಮುಳ್ಳುಚಕ್ರವನ್ನೇ ಹೋಲುತ್ತವೆ. ಆ ಹಲ್ಲನ್ನು ಬೆರಳಿನಿಂದ ಮುಟ್ಟಿ ನೋಡಿದವನಿಗೆ ಚುಚ್ಚಿ ಎಬ್ಬಿಸುವ ಅರ್ಥ ಮತ್ತೆ ಮರೆಯದು.

ಕನ್ನಡದ ಸಮಾನಗಳು

ಇಂಗ್ಲಿಷಿನ ಈ ಒಂದು ಮಾತು ಮೆಚ್ಚುಗೆಗೂ ಸಲ್ಲುತ್ತದೆ, ಎಚ್ಚರಿಕೆಗೂ ಸಲ್ಲುತ್ತದೆ. ಕನ್ನಡ ಅವೆರಡನ್ನು ಬೇರೆಬೇರೆ ಇಡುತ್ತದೆ. ‘ಸಮಯಸ್ಫೂರ್ತಿ’ ಹೊಗಳಿಕೆ; ‘ದುಡುಕು’, ‘ಹಿಂದುಮುಂದು ನೋಡದೆ’ ಎಂಬವು ಆಕ್ಷೇಪ. ‘ನಿಂತ ನಿಲುವಿನಲ್ಲಿ’ ಎಂಬುದಕ್ಕೆ ಎರಡರ ಭಾರವೂ ಇಲ್ಲ. ಬೆಳಗಿನ ಟೂಲ್‌ಬಾಕ್ಸ್ ಟಾಕ್‌ನಲ್ಲಿ (ಕೆಲಸಕ್ಕೆ ಮುಂಚಿನ ಸುರಕ್ಷತಾ ಮಾತುಕತೆಯಲ್ಲಿ) ಮೇಲ್ವಿಚಾರಕ ‘ನೋ ಸ್ಪರ್-ಆಫ್-ದ-ಮೊಮೆಂಟ್ ಡಿಸಿಷನ್ಸ್’ ಎಂದರೆ, ಓಡುವ ಯಂತ್ರಕ್ಕೆ ದುಡುಕಿ ಕೈ ಹಾಕಬೇಡಿ ಎಂದರ್ಥ. ಅಲ್ಲಿ ‘ಸಮಯಸ್ಫೂರ್ತಿ’ ಎಂದು ಅನುವಾದಿಸಿದರೆ ಎಚ್ಚರಿಕೆಯ ಮಾತಿನಲ್ಲಿ ಹೊಗಳಿಕೆಯ ಪದ ಬಂದು ಕೂರುತ್ತದೆ.

ಆಶುಮಾತು

ಈ ನುಡಿಗಟ್ಟನ್ನು ಆ ಕ್ಷಣದಲ್ಲೇ ಕಟ್ಟಿ ಆಡುವ ಆಶುಮಾತಿಗೆ ಸಮನೆಂದು ತಿಳಿಯಬಾರದು. ಯಕ್ಷಗಾನ ತಾಳಮದ್ದಳೆಯಲ್ಲಿ ಕಾಸರಗೋಡು ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು (ಪಾತ್ರದ ಮಾತನ್ನಾಡುವವರು) ಎದುರಾಳಿಯ ಮಾತಿಗೆ ಆ ಕ್ಷಣವೇ ಉತ್ತರ ಕಟ್ಟುತ್ತಿದ್ದರು. ಮಾತು ಆಗ ಹುಟ್ಟಿದ್ದು, ಅದರ ಹಿಂದಿನ ಓದು ವರ್ಷಗಳದ್ದು. ದೂರದರ್ಶನ ಚಂದನದಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ರಸಪ್ರಶ್ನೆಯಲ್ಲೂ ಥಟ್ಟನೆ ಬರುವ ಉತ್ತರ ಮೊದಲೇ ಓದಿ ಉಳಿಸಿಕೊಂಡದ್ದು. ಇಂಗ್ಲಿಷಿನ ಮುಳ್ಳು ಹೊರಡುವ ಗಳಿಗೆಯನ್ನಷ್ಟೇ ಹೇಳುತ್ತದೆ. ಆಶುಮಾತಿಗೆ ಅದರ ಹಿಂದಿನ ಸಿದ್ಧತೆಯೂ ಬೇಕು.