ಶೇ. 3ರ ಉಪಕರ ಮತ್ತು ಬೀದಿಯ ಬದುಕು: ವಸತಿರಹಿತರ ಪ್ರಶ್ನೆಯಲ್ಲಿ ತೆರಿಗೆ ಹಾಗೂ ದಾನ

ಬೆಂಗಳೂರಿನಲ್ಲಿ ಮನೆಯ ಆಸ್ತಿ ತೆರಿಗೆ ಕಟ್ಟುವವರು ತೆರಿಗೆಯ ಮೊತ್ತದ ಜೊತೆಗೆ ಹಲವು ಉಪಕರಗಳನ್ನೂ ಕಟ್ಟುತ್ತ ಬಂದಿದ್ದಾರೆ. ಆರೋಗ್ಯಕ್ಕೆ ಶೇ. 15, ಗ್ರಂಥಾಲಯಕ್ಕೆ ಶೇ. 6, ಭಿಕ್ಷುಕರ ಹೆಸರಿನಲ್ಲಿ ಶೇ. 3. ಈ ಮೂರನೆಯದಕ್ಕೆ ಆಧಾರ 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮ. ಸ್ಥಳೀಯ ಸಂಸ್ಥೆಗಳು ಇದನ್ನು ಜಮೀನು ಮತ್ತು ಕಟ್ಟಡಗಳ ತೆರಿಗೆಯ ಜೊತೆ ವಸೂಲಿ ಮಾಡಿ ಕೇಂದ್ರ ಪರಿಹಾರ ಸಮಿತಿಗೆ ಒಪ್ಪಿಸಬೇಕು. ಸಮಿತಿ ಆ ಹಣದಿಂದ ನಿರಾಶ್ರಿತರ ಪರಿಹಾರ ಕೇಂದ್ರಗಳನ್ನು ನಡೆಸಬೇಕು. ಅವುಗಳಲ್ಲಿ ಹೆಚ್ಚು ಹೆಸರಾದದ್ದು ಮಾಗಡಿ ರಸ್ತೆಯಲ್ಲಿದೆ. ಊರವರು ಅದನ್ನು ಬೆಗ್ಗರ್ಸ್ ಕಾಲೋನಿ ಎಂದೇ ಕರೆಯುತ್ತಾರೆ.

ಮನೆ ಇಲ್ಲದವರ ಹೊಣೆ ಖಜಾನೆಯದೋ ದಾನಿಗಳದೋ ಎಂಬ ವಾದ ಅರ್ಥಶಾಸ್ತ್ರದಲ್ಲೂ ರಾಜಕೀಯ ತತ್ತ್ವಶಾಸ್ತ್ರದಲ್ಲೂ ಹಳೆಯದು. ಅದು ಬಹುಮಟ್ಟಿಗೆ ಕಲ್ಪಿತ ಉದಾಹರಣೆಗಳ ಮೇಲೆಯೇ ನಡೆದಿದೆ. ಮನೆಯುಳ್ಳವರಿಂದಲೇ ಪಡೆದು ಬೀದಿಯಲ್ಲಿರುವವರಿಗೆಂದು ಮೀಸಲಿಟ್ಟ ತೆರಿಗೆಯೊಂದರ ಅನುಭವ ಕರ್ನಾಟಕಕ್ಕೆ ಐದು ದಶಕಗಳಷ್ಟಿದೆ. ಸೂರು ತೆರಿಗೆಯ ಹಣದಿಂದಲೇ ಬರಬೇಕು ಎಂಬುದು ಈ ಲೇಖನದ ನಿಲುವು. ಹಣ ಕಡ್ಡಾಯವಾಗಿ ಬಂದ ಮಾತ್ರಕ್ಕೆ ಸೂರು ಸಿಗುವುದಿಲ್ಲ ಎಂಬುದನ್ನು ಇದೇ ಉಪಕರದ ಕಥೆ ತೋರಿಸುತ್ತದೆ. ಆ ಹಣ ಯಾರಿಗೆ ಲೆಕ್ಕ ಒಪ್ಪಿಸುತ್ತದೆ ಎಂಬುದರ ಮೇಲೆ ಮುಂದಿನದೆಲ್ಲ ನಿಂತಿದೆ.

ದಾನದ ಪರವಾಗಿರುವ ವಾದವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ದುಡಿಮೆಯ ಗಳಿಕೆಯ ಮೇಲೆ ತೆರಿಗೆ ಹಾಕುವುದು ಬಲವಂತದ ದುಡಿಮೆಗೆ ಸಮ ಎಂದು ತತ್ತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ವಾದಿಸಿದರು. ಕಸಿದುಕೊಂಡದ್ದರಲ್ಲಿ ಕರುಣೆ ಇರಲಾರದು ಎಂಬ ಭಾವನೆ ಓದಿದವರಲ್ಲೂ ಓದದವರಲ್ಲೂ ಇದೆ, ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಮಾರುಕಟ್ಟೆಯ ದೊಡ್ಡ ಪ್ರತಿಪಾದಕರಾದ ಮಿಲ್ಟನ್ ಫ್ರೀಡ್ಮನ್ 1962ರಲ್ಲೇ ಇದರ ಒಂದು ಮುಖ್ಯ ತೊಡಕನ್ನು ಒಪ್ಪಿಕೊಂಡಿದ್ದರು. ಬಡವನೊಬ್ಬನ ಸಂಕಟ ನೀಗಿದರೆ, ಅದಕ್ಕೆ ಹಣ ಕೊಟ್ಟವರು ಯಾರೇ ಆದರೂ ನನಗೂ ಸಮಾಧಾನವೇ. ಹೀಗಾಗಿ ಕೊಡುವ ಮನಸ್ಸಿದ್ದವರೂ ಬೇರೆಯವರು ಕೊಡಲಿ ಎಂದು ಕಾಯುತ್ತಾರೆ. ಎಲ್ಲರೂ ಕೊಡುತ್ತಾರೆ ಎಂಬ ಖಾತ್ರಿ ಇದ್ದರೆ ನಾನೂ ಕೊಟ್ಟೇನು. ಆ ಖಾತ್ರಿಯನ್ನು ಕೊಡಬಲ್ಲದ್ದು ತೆರಿಗೆ. ಈ ದೃಷ್ಟಿಯಲ್ಲಿ ತೆರಿಗೆಯೂ ದಾನದ ಇಚ್ಛೆಯನ್ನು ಈಡೇರಿಸುವ ಒಂದು ದಾರಿಯೇ.

ಎರಡರ ನಡುವಿನ ಗೆರೆ ನಮ್ಮ ಚರಿತ್ರೆಯಲ್ಲಿ ಎಂದೂ ಸ್ಪಷ್ಟವಾಗಿರಲಿಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವನ್ನು 1162ರ ಶಾಸನವೊಂದು ವರ್ಣಿಸುತ್ತದೆ. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಸಂಪುಟದಲ್ಲಿ ಅದು ಪ್ರಕಟವಾಗಿದೆ. ಕೋಡಿಯಮಠ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುವ ಸ್ಥಳವಾಗಿತ್ತು. ಜೊತೆಗೆ ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ನಿತ್ಯ ಅನ್ನ ಸಿಗುವ, ಗತಿಯಿಲ್ಲದ ರೋಗಿಗಳಿಗೆ ಔಷಧ ಸಿಗುವ ಸ್ಥಳವೂ ಆಗಿತ್ತೆಂದು ಶಾಸನ ಹೇಳುತ್ತದೆ. ಎಂಟುನೂರು ವರ್ಷಗಳಿಗೂ ಹಿಂದೆ ಇಂಥ ಪಟ್ಟಿಯೊಂದನ್ನು ಕಲ್ಲಿನಲ್ಲಿ ಬರೆಸಬೇಕೆನ್ನಿಸಿತಲ್ಲ, ಅದು ನನ್ನನ್ನು ಪ್ರತಿ ಓದಿನಲ್ಲೂ ತಡೆದು ನಿಲ್ಲಿಸುತ್ತದೆ. ಈ ಅನ್ನ ಬಂದದ್ದೆಲ್ಲಿಂದ? ಇಂಥ ಮಠಗಳಿಗೆ ಅರಸರು ದತ್ತಿಯಾಗಿ ಬಿಡುತ್ತಿದ್ದದ್ದು ಊರುಗಳ, ಗದ್ದೆಗಳ ಹುಟ್ಟುವಳಿ. ಸರ್ವನಮಸ್ಯವಾಗಿ, ಅಂದರೆ ಅರಮನೆಯ ಎಲ್ಲ ತೆರಿಗೆಗಳಿಂದ ಮುಕ್ತವಾಗಿ, ಬಿಟ್ಟ ಊರಿನ ಒಕ್ಕಲು ಅರಮನೆಗೆ ಸಲ್ಲಿಸುತ್ತಿದ್ದ ತೆರಿಗೆಯನ್ನೇ ಮಠಕ್ಕೆ ಸಲ್ಲಿಸುತ್ತಿದ್ದ. ಅರಸನ ಕಡೆಯಿಂದ ಅದು ದಾನ, ಒಕ್ಕಲಿನ ಕಡೆಯಿಂದ ಕಂದಾಯ. ಅಯ್ಯಾವೊಳೆಯ ಐನೂರ್ವರಂಥ ವರ್ತಕ ಸಂಘಗಳು ತಮ್ಮ ಸರಕಿನ ಹೇರುಗಳ ಮೇಲೆ ತಾವೇ ಆಯ ವಿಧಿಸಿಕೊಂಡು ಧರ್ಮಕಾರ್ಯಗಳಿಗೆ ಬಿಟ್ಟ ದಾಖಲೆಗಳಿವೆ. ಸಂಘದ ತೀರ್ಮಾನವಾದ ಮೇಲೆ ಪ್ರತಿಯೊಬ್ಬ ವರ್ತಕನಿಗೂ ಅದು ಕಡ್ಡಾಯವೇ.

ಇಂದಿನ ವ್ಯವಸ್ಥೆಯೂ ಹಾಗೆಯೇ. ದಾನಕ್ಕೆ ಆದಾಯ ತೆರಿಗೆ ಕಾನೂನು ಕೊಡುವ ವಿನಾಯಿತಿಯಡಿ, ಹಳೆಯ ತೆರಿಗೆ ಪದ್ಧತಿಯಲ್ಲಿ ಶೇ. 30ರ ಹಂತದಲ್ಲಿರುವವರು ಅರ್ಹ ಸಂಸ್ಥೆಗೆ 1,000 ರೂಪಾಯಿ ಕೊಟ್ಟು ಅರ್ಧದಷ್ಟು ವಿನಾಯಿತಿ ಪಡೆದರೆ, ಅದರಲ್ಲಿ ಸುಮಾರು 150 ರೂಪಾಯಿ ಖಜಾನೆಯದು. ಆ 150 ರೂಪಾಯಿ ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿದವರು ಮಾತ್ರ ದಾನಿ. 2013ರ ಕಂಪನಿ ಕಾಯ್ದೆಯ 135ನೇ ಕಲಮು ನಿಗದಿತ ಗಾತ್ರದ ಕಂಪನಿಗಳು ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ವ್ಯಯಿಸಬೇಕೆನ್ನುತ್ತದೆ. ಮೊತ್ತ ಕಡ್ಡಾಯ, ಆಯ್ಕೆ ಕಂಪನಿಯದು. ಆದ್ದರಿಂದ ತೆರಿಗೆ ಮತ್ತು ದಾನಗಳನ್ನು ಅಳೆಯುವಾಗ ಬಲವಂತ ಎಷ್ಟಿದೆ ಎಂದು ಕೇಳಿದರೆ ಸಾಲದು. ಯಾರಿಗೆ ಕೊಡಬೇಕು, ಏನನ್ನು ಕೊಡಬೇಕು ಎಂಬ ಆಯ್ಕೆ ಯಾರ ಕೈಯಲ್ಲಿದೆ ಎಂದೂ ಕೇಳಬೇಕು.

ಬೆಂಗಳೂರಿನ ಬೀದಿಗಳಲ್ಲಿ ದಾನಕ್ಕೆ ಕೊರತೆ ಇಲ್ಲ. ಡಿಸೆಂಬರ್‌ ಚಳಿಗೆ ಕಂಬಳಿ ಹಂಚುವವರಿದ್ದಾರೆ. ಸರ್ಕಾರಿ ಆಸ್ಪತ್ರೆಗಳ ಗೇಟಿನ ಬಳಿ ಅನ್ನ, ಸಾರು ಹೊತ್ತು ತರುವವರಿದ್ದಾರೆ. ಹಬ್ಬ, ಹಿರಿಯರ ಪುಣ್ಯತಿಥಿ, ಮಕ್ಕಳ ಹುಟ್ಟುಹಬ್ಬಗಳಲ್ಲಿ ಊಟದ ಪೊಟ್ಟಣಗಳು ಬರುತ್ತವೆ. ಇವರೆಲ್ಲರ ಕಳಕಳಿ ನಿಜವಾದದ್ದು. ಆ ಅನ್ನ ಉಂಡು ರಾತ್ರಿ ಕಳೆದವರಿಗೆ ಅದರ ಬೆಲೆ ಗೊತ್ತು. ಆದರೆ ಸೂರಿನ ಸ್ವಭಾವ ಅನ್ನದಂಥದ್ದಲ್ಲ. ಅನ್ನವನ್ನು ಒಂದು ದಿನ, ಒಬ್ಬರಿಗೆ, ಒಂದು ಕೈಯಿಂದ ಕೊಡಬಹುದು. ಸೂರಿಗೆ ನಗರದ ನಡುವೆ ನೆಲ ಬೇಕು, ನೀರಿನ ಸಂಪರ್ಕ ಬೇಕು, ಹತ್ತಾರು ವರ್ಷ ತಪ್ಪದೆ ಬರುವ ನಿರ್ವಹಣೆಯ ಹಣ ಬೇಕು. ದಾನದ ಅಲೆ ಏಳುವುದು ಸುದ್ದಿ, ಋತು, ಪಂಚಾಂಗಗಳನ್ನು ನೋಡಿ. ಬಾಡಿಗೆ ಮಾತ್ರ ಪ್ರತಿ ತಿಂಗಳು ಬರುತ್ತದೆ. ಸ್ವಯಂಸೇವಾ ವಲಯವನ್ನು ಆಪ್ತವಾಗಿ ಬಲ್ಲವರಾಗಿದ್ದ ಲೆಸ್ಟರ್ ಸಾಲಮನ್ 1987ರಲ್ಲಿ ಅದರ ನಾಲ್ಕು ಮಿತಿಗಳನ್ನು ಗುರುತಿಸಿದರು. ಹಣ ಸಾಲದಿರುವುದು, ಮೆಚ್ಚಿನ ಗುಂಪುಗಳಿಗೆ ಮಾತ್ರ ಕೊಡುವುದು, ಕೊಡುವವರೇ ಎಲ್ಲವನ್ನೂ ನಿರ್ಧರಿಸುವುದು, ವೃತ್ತಿಪರ ಕೌಶಲ ಇಲ್ಲದಿರುವುದು. ಎರಡನೆಯದು ನಮ್ಮಲ್ಲಿ ತುಂಬ ಕಠಿಣವಾಗಿ ಕೆಲಸ ಮಾಡುತ್ತದೆ. ಮಗುವನ್ನೆತ್ತಿಕೊಂಡ ತಾಯಿಗೆ ಕೈ ಚಾಚುವವರು ಕುಡಿತಕ್ಕೆ ಬಿದ್ದ ಗಂಡಸಿಗೆ, ತನ್ನಷ್ಟಕ್ಕೆ ಮಾತಾಡಿಕೊಳ್ಳುವ ಹೆಂಗಸಿಗೆ ಕೈ ಚಾಚುವುದಿಲ್ಲ. ಸೂರು ಅತ್ಯಂತ ತುರ್ತಾಗಿ ಬೇಕಾದವರು ಈ ಕೊನೆಯವರೇ.

ಹಾಗಾದರೆ ತೆರಿಗೆ ಏನು ಮಾಡಿತು? 1975ರ ಕಾನೂನಿನ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಭಿಕ್ಷೆ ಬೇಡುವುದು, ಪಡೆಯುವುದು ಅಪರಾಧ. ಜೀವನೋಪಾಯ ಕಾಣದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವರೂ ಅದರ ವ್ಯಾಖ್ಯೆಯೊಳಗೆ ಬರುತ್ತಾರೆ. ಸಿಕ್ಕಿಬಿದ್ದವರನ್ನು ಒಂದರಿಂದ ಮೂರು ವರ್ಷ ಕೇಂದ್ರದಲ್ಲಿ ಇರಿಸಬಹುದು. ಅಂದರೆ ಮನೆಯೊಡೆಯರು ಕಟ್ಟಿದ ಶೇ. 3 ಬೀದಿಯಲ್ಲಿರುವವರ ಹೆಸರಿನಲ್ಲಿ ವಸೂಲಾಗಿ, ಬೀದಿಯನ್ನು ಅವರಿಂದ ಖಾಲಿ ಮಾಡಿಸುವ ಕೆಲಸಕ್ಕೆ ಬಂತು. ಕೂಲಿ ಮಾಡಿ ರಸ್ತೆಬದಿಯಲ್ಲಿ ಮಲಗಿದ್ದವರನ್ನೂ ವ್ಯಾನಿಗೆ ಹತ್ತಿಸಿದ ಪ್ರಸಂಗಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಇಂಗ್ಲೆಂಡಿನಲ್ಲಿ 1601ರಿಂದ ಪ್ಯಾರಿಷ್‌ಗಳು ಮನೆ, ಜಮೀನುಗಳ ಮೇಲೆ ಬಡವರ ತೆರಿಗೆ ಎತ್ತುತ್ತಿದ್ದವು. 1834ರ ತಿದ್ದುಪಡಿಯ ನಂತರ ಅದೇ ತೆರಿಗೆಯ ಹಣದ ದುಡಿಮೆಮನೆಗಳು ಹೊರಗಿನ ಅತಿ ಬಡ ಕೂಲಿಗಾರನ ಬದುಕಿಗಿಂತ ಕಠಿಣವಾಗಿರಬೇಕು ಎಂಬುದು ಉದ್ದೇಶಪೂರ್ವಕ ನೀತಿಯಾಯಿತು. ತೆರಿಗೆ ಕೊಡುವವನ ತಾಳ್ಮೆಯನ್ನೇ ಅಳತೆಗೋಲಾಗಿಟ್ಟುಕೊಂಡಾಗ ಆಸರೆಯೇ ಶಿಕ್ಷೆಯಾಗಿಬಿಡುತ್ತದೆ.

2010ರ ಆಗಸ್ಟ್‌ನಲ್ಲಿ ಮಾಗಡಿ ರಸ್ತೆಯ ಕೇಂದ್ರದಲ್ಲಿ ಸರಣಿ ಸಾವುಗಳು ಬಯಲಿಗೆ ಬಂದವು. ಸಾಮರ್ಥ್ಯ ಮೀರಿ ತುಂಬಿದ್ದ ಆ ಆವರಣದಲ್ಲಿ ಆ ವರ್ಷದ ಮೊದಲ ಎಂಟು ತಿಂಗಳಲ್ಲಿ ಸತ್ತವರ ಸಂಖ್ಯೆ ಇನ್ನೂರನ್ನು ಮೀರಿತ್ತು ಎಂದು ವರದಿಗಳು ಹೇಳಿದವು. ಸಮಾಜ ಕಲ್ಯಾಣ ಸಚಿವ ಡಿ. ಸುಧಾಕರ್ ರಾಜೀನಾಮೆ ಕೊಟ್ಟರು. ಸತ್ತವರಲ್ಲಿ ಹೆಚ್ಚಿನವರಿಗಾಗಿ ಕೇಳಿಕೊಂಡು ಬರುವ ಬಂಧುಗಳಿರಲಿಲ್ಲ. ಅವರಿಗೆಂದೇ ತೆರಿಗೆ ಇತ್ತು, ಸಮಿತಿ ಇತ್ತು, ಕಟ್ಟಡ ಇತ್ತು. ಆ ಹಣದ ಬಗ್ಗೆ ಪ್ರಶ್ನೆ ಕೇಳುವ ಅಧಿಕಾರ ಮಾತ್ರ ಅವರಿಗಿರಲಿಲ್ಲ. ಇನ್ನೊಂದೆಡೆ ಬೆಂಗಳೂರು ಮಹಾನಗರ ಪಾಲಿಕೆ ವಸೂಲಿ ಮಾಡಿದ ಉಪಕರವನ್ನು ಪೂರ್ತಿಯಾಗಿ ಸಮಿತಿಗೆ ದಾಟಿಸದೆ ಬಾಕಿ ಉಳಿಸಿಕೊಂಡದ್ದು, ಆ ಬಾಕಿ ನೂರಾರು ಕೋಟಿಗೆ ಬೆಳೆದದ್ದು ಸಾರ್ವಜನಿಕ ಚರ್ಚೆಗೆ ಬಂದಿದೆ. ದಾನಿಯೊಬ್ಬ ಕೊಟ್ಟ ಹಣ ಹೀಗೆ ನಡುದಾರಿಯಲ್ಲಿ ನಿಂತರೆ ಅವನು ಮುಂದಿನ ವರ್ಷ ಕೊಡದೆ ಪ್ರತಿಭಟಿಸಬಲ್ಲ. ತೆರಿಗೆದಾರನಿಗೆ ಆ ದಾರಿ ಇಲ್ಲ. ಆದ್ದರಿಂದ ಕಡ್ಡಾಯದ ಹಣಕ್ಕೆ ದಾನದ ಹಣಕ್ಕಿಂತ ಬಿಗಿಯಾದ ಲೆಕ್ಕ ಬೇಕಾಗುತ್ತದೆ.

ಅದೇ ಮಾಗಡಿ ರಸ್ತೆಯಲ್ಲಿ, ಕಾಲೋನಿಯ ಮಗ್ಗುಲಲ್ಲಿ ಸುಮನಹಳ್ಳಿ ಇದೆ. 1970ರ ದಶಕದ ಕೊನೆಯಲ್ಲಿ, ದೇವರಾಜ ಅರಸು ಅವರ ಸರ್ಕಾರದ ಆಹ್ವಾನದ ಮೇರೆಗೆ ಬೆಂಗಳೂರಿನ ಕ್ರೈಸ್ತ ಮಹಾಧರ್ಮಪ್ರಾಂತ್ಯ ಸರ್ಕಾರಿ ನೆಲದಲ್ಲಿ ಕುಷ್ಠರೋಗಿಗಳ ಆರೈಕೆಗೆಂದು ಕಟ್ಟಿದ ಸಂಸ್ಥೆ ಇದು. ಮುಟ್ಟಲು ಜನ ಹಿಂಜರಿಯುತ್ತಿದ್ದ ದೇಹಗಳಿಗೆ ಅಲ್ಲಿ ಚಿಕಿತ್ಸೆ ಸಿಕ್ಕಿತು, ಕೈಗಳಿಗೆ ಕಸುಬು ಸಿಕ್ಕಿತು. ತೆರಿಗೆಯ ಆಡಳಿತಕ್ಕೆ ಸುಲಭವಾಗಿ ಬರದ ಗುಣವೊಂದು ದಾನದ ಸಂಪ್ರದಾಯಕ್ಕಿದೆ: ಒಬ್ಬ ಮನುಷ್ಯನ ಜೊತೆ ವರ್ಷಗಟ್ಟಲೆ ಕೂಡುವ ತಾಳ್ಮೆ. ಆದರೆ ಸುಮನಹಳ್ಳಿಯ ಕಾಲ ಕೆಳಗಿನ ನೆಲ ಸರ್ಕಾರದ್ದೆಂಬುದನ್ನು ಮರೆಯಬಾರದು. ನಗರದೊಳಗೆ ಅಷ್ಟು ನೆಲವನ್ನು ದಾನದ ಹಣದಿಂದ ಕೊಂಡು ಕುಷ್ಠರೋಗಿಗಳಿಗೆ ಆಸರೆ ಕಟ್ಟುವುದು ಇಂದು ಊಹೆಗೂ ಕಷ್ಟ.

ಇನ್ನು ಭಿಕ್ಷೆ ಬೇಡದ ವಸತಿರಹಿತರು. 2011ರ ಜನಗಣತಿ ದೇಶದಲ್ಲಿ 17.7 ಲಕ್ಷ ಮಂದಿಯನ್ನು ವಸತಿರಹಿತರೆಂದು ಎಣಿಸಿತು. ರಸ್ತೆಬದಿ, ಫುಟ್‌ಪಾತ್‌, ಹ್ಯೂಮ್‌ ಪೈಪು, ಮೇಲ್ಸೇತುವೆಯಡಿ, ರೈಲ್ವೆ ಪ್ಲಾಟ್‌ಫಾರಂ, ದೇವಸ್ಥಾನದ ಮಂಟಪಗಳಲ್ಲಿ ಮಲಗುವವರು ಇವರು. ಕರ್ನಾಟಕದ ಪಾಲು ಸುಮಾರು 76 ಸಾವಿರ. ಒಂದು ರಾತ್ರಿಯ ಎಣಿಕೆಯಲ್ಲಿ ತಪ್ಪಿಹೋಗುವವರು ಎಷ್ಟೋ. ಬೆಂಗಳೂರಿನಲ್ಲಿ ಇವರಲ್ಲಿ ದೊಡ್ಡ ಪಾಲು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಗುಳೆ ಬಂದ ಕುಟುಂಬಗಳು, ಹೊರರಾಜ್ಯಗಳ ಕೂಲಿಗಳು. ಇವರಿಗೆ ದಿನಗೂಲಿ ಇದೆ, ಮುಂಗಡ ಕೊಟ್ಟು ಬಾಡಿಗೆ ಹಿಡಿಯುವ ಶಕ್ತಿ ಇಲ್ಲ. ಕಂಬಳಿ ಹಂಚುವವರ ಕಣ್ಣಿಗೆ ಇವರು ಅಷ್ಟು ದೀನರಲ್ಲ, ಭಿಕ್ಷಾಟನೆ ನಿಷೇಧದ ಕಾನೂನಿನ ಕಣ್ಣಿಗೆ ಸಂಶಯಿತರು.

ತೆರಿಗೆಯ ಹಣಕ್ಕೆ ಬೇರೊಬ್ಬ ಒಡೆಯನನ್ನು ತೋರಿಸಿಕೊಟ್ಟದ್ದು ನ್ಯಾಯಾಲಯ. ದೆಹಲಿಯ ಚಳಿಯ ಸಾವುಗಳ ಹಿನ್ನೆಲೆಯಲ್ಲಿ, ನಾಗರಿಕ ಸ್ವಾತಂತ್ರ್ಯ ಸಂಘಟನೆ ಪಿಯುಸಿಎಲ್‌ ಹೂಡಿದ್ದ ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್‌ 2010ರಲ್ಲಿ ಆಶ್ರಯ ಕೇಂದ್ರಗಳ ಬಗ್ಗೆ ಆದೇಶ ಕೊಟ್ಟಿತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ನಗರ ಜೀವನೋಪಾಯ ಮಿಷನ್‌, ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ತಂಗಬಲ್ಲ, ಹಗಲೂ ರಾತ್ರಿಯೂ ತೆರೆದಿರುವ ಕಾಯಂ ಕೇಂದ್ರವೊಂದು ಇರಬೇಕೆಂದಿತು. ಒಬ್ಬರಿಗೆ ಕನಿಷ್ಠ 50 ಚದರ ಅಡಿ ಜಾಗ ಸಿಗಬೇಕು, ಕೇಂದ್ರ ಕೆಲಸದ ಸ್ಥಳಗಳಿಗೆ ಹತ್ತಿರವಿರಬೇಕು. 2011ರ ಜನಸಂಖ್ಯೆಯನ್ನೇ ಹಿಡಿದರೂ ಬೆಂಗಳೂರಿಗೆ ಎಂಬತ್ತಕ್ಕೂ ಹೆಚ್ಚು ಕೇಂದ್ರಗಳು ಬೇಕು. ನಗರ ಆ ಲೆಕ್ಕವನ್ನು ಮುಟ್ಟಿಲ್ಲ. ಆದರೂ ಇಲ್ಲೊಂದು ಮುಖ್ಯ ಬದಲಾವಣೆ ಇದೆ: ಒಳಗೆ ಬರುವುದೂ ಹೊರಗೆ ಹೋಗುವುದೂ ತಂಗುವವರ ಇಷ್ಟ. 2018ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್‌ ಭಿಕ್ಷಾಟನೆಯನ್ನು ಅಪರಾಧವಾಗಿಸಿದ್ದ ಕಲಮುಗಳನ್ನು ಆ ನಗರದ ಮಟ್ಟಿಗೆ ರದ್ದುಪಡಿಸಿತು. 2021ರಲ್ಲಿ ಸುಪ್ರೀಂ ಕೋರ್ಟ್‌ ಭಿಕ್ಷುಕರನ್ನು ಬೀದಿಯಿಂದ ತೆಗೆಸುವ ಆದೇಶ ಕೊಡಲು ನಿರಾಕರಿಸಿ, ಇದು ಸಾಮಾಜಿಕ, ಆರ್ಥಿಕ ಸಮಸ್ಯೆ ಎಂದಿತು. ಕರ್ನಾಟಕದ ಕಾನೂನು ಈ ಬದಲಾದ ತಿಳಿವಳಿಕೆಗೆ ಇನ್ನೂ ಹೊಂದಿಕೊಳ್ಳಬೇಕಾಗಿದೆ.

ಆಶ್ರಯ ಕೇಂದ್ರದಾಚೆಗೂ ದಾರಿ ಇದೆಯೆಂದು ತೋರಿಸಿದ ದೇಶ ಫಿನ್ಲೆಂಡ್‌. 1980ರ ದಶಕದ ಕೊನೆಯಲ್ಲಿ ಅಲ್ಲಿ ಹದಿನಾರು ಸಾವಿರಕ್ಕೂ ಹೆಚ್ಚು ವಸತಿರಹಿತರಿದ್ದರು. 2023ರಲ್ಲಿ ಮೂರೂವರೆ ಸಾವಿರದ ಆಸುಪಾಸು. 2008ರಿಂದ ಅಲ್ಲಿನ ನೀತಿ ಮೊದಲು ಬಾಡಿಗೆ ಕರಾರಿನ ಮನೆ, ಆಮೇಲೆ ಚಿಕಿತ್ಸೆ ಮತ್ತು ಉದ್ಯೋಗ ಎಂಬ ಕ್ರಮವನ್ನು ಹಿಡಿಯಿತು. ಹೆಲ್ಸಿಂಕಿಯಲ್ಲಿ ಸಾಲ್ವೇಷನ್‌ ಆರ್ಮಿ ಎಂಬ ಧಾರ್ಮಿಕ ಸೇವಾ ಸಂಸ್ಥೆಯ ಹಳೆಯ ಸಾಮೂಹಿಕ ತಂಗುದಾಣವೊಂದು ಸಾರ್ವಜನಿಕ ಹಣದ ನೆರವಿನಿಂದ ಪ್ರತ್ಯೇಕ ಮನೆಗಳ ಕಟ್ಟಡವಾಯಿತು. ನಡೆಸುವವರು ಅದೇ ಸೇವಾಸಂಸ್ಥೆಯವರು, ಬಾಗಿಲ ಕೀಲಿ ಮಾತ್ರ ಒಳಗಿರುವವರ ಕೈಗೆ ಬಂತು.

ಕರ್ನಾಟಕದಲ್ಲಿ ಇದಕ್ಕೆ ಹೊಸ ತೆರಿಗೆ ಬೇಕಾಗಿಲ್ಲ. ಮನೆಯುಳ್ಳವರು ಮನೆಯಿಲ್ಲದವರಿಗಾಗಿ ಕೊಡುವ ಶೇ. 3ರ ತತ್ತ್ವ ನ್ಯಾಯವಾದದ್ದೇ, ಅದನ್ನು ಉಳಿಸಿಕೊಳ್ಳಬೇಕು. ಬದಲಾಗಬೇಕಾದದ್ದು ಅದನ್ನು ಹೊತ್ತಿರುವ ಕಾನೂನು. ಭಿಕ್ಷೆಯನ್ನು ಅಪರಾಧವಾಗಿಸುವ, ಜನರನ್ನು ಹಿಡಿದಿಡುವ ಕಲಮುಗಳನ್ನು ತೆಗೆದು, ಉಪಕರದ ಉದ್ದೇಶವನ್ನು ವಸತಿ ಎಂದು ಬರೆಯಬೇಕು. ಕೇಂದ್ರ ಪರಿಹಾರ ಸಮಿತಿಯಲ್ಲಿ ಬೀದಿಯಲ್ಲಿ ಬದುಕಿದವರಿಗೆ ಸ್ಥಾನವಿರಬೇಕು. ಆರೈಕೆಯ ಕೆಲಸವನ್ನು ಸುಮನಹಳ್ಳಿಯಂಥ ಅನುಭವವುಳ್ಳ ಸಂಸ್ಥೆಗಳಿಗೆ ಒಪ್ಪಿಸಬಹುದು. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬ ತೀರ್ಮಾನವನ್ನು ಅವರ ಅಭಿರುಚಿಗೆ ಬಿಡಬಾರದು. ಆಸ್ತಿ ತೆರಿಗೆ ಈಗ ಬಹುಪಾಲು ಆನ್‌ಲೈನ್‌ನಲ್ಲೇ ಪಾವತಿಯಾಗುತ್ತದೆ. ಆ ಶೇ. 3 ಪಾವತಿಯ ಕ್ಷಣದಲ್ಲೇ ಬೇರ್ಪಟ್ಟು ನೇರವಾಗಿ ಸಮಿತಿಯ ಖಾತೆಗೆ ಸೇರುವಂತೆ ಮಾಡಲು ತಾಂತ್ರಿಕ ಅಡ್ಡಿ ಏನೂ ಕಾಣುವುದಿಲ್ಲ. ಹಾಗೆ ಸೇರಿದ ಮೊತ್ತ, ಅದರಿಂದ ಆ ವರ್ಷ ಎಷ್ಟು ಮಂದಿಗೆ ಬಾಗಿಲುಳ್ಳ ಕೋಣೆ ಸಿಕ್ಕಿತು ಎಂಬ ಲೆಕ್ಕ, ಎರಡನ್ನೂ ಮುಂದಿನ ವರ್ಷದ ತೆರಿಗೆ ರಸೀದಿಯಲ್ಲೇ ಅಚ್ಚು ಹಾಕಬಹುದು.